ಉಗಿಬಂಡಿಯವನ ಕೆನ್ನೆಯ ಗುರುತು

"ಏ! ಹಳಿ ಬಿಟ್ಟು ಈಚೆ ಬನ್ರೀ! ಪ್ರಾಣ ಬೇಡ್ವಾ?"

ಬಿಳಿ ಉಗಿಯ ಮೋಡದೊಳಗಿಂದ ಬಂದ ಕೂಗು ಅದು. ಮರುಕ್ಷಣವೇ ಮಸಿ ಮೆತ್ತಿದ ಕೈಯೊಂದು ಅವಳ ತೋಳು ಹಿಡಿದು ಎಳೆಯಿತು. ಕುತ್ತಿಗೆಗೆ ನೇತುಹಾಕಿದ್ದ ಕ್ಯಾಮೆರಾ ಎದೆಗೆ ಬಡಿಯಿತು. ಅವಳು ಆಗಷ್ಟೇ ನಿಂತಿದ್ದ ಜಾಗದ ಮೇಲೆ, ಎಂಜಿನ್ನಿನ ಪಕ್ಕದ ಕೊಳವೆಯಿಂದ ಬುಸ್ಸ್... ಎಂದು ಬಿಸಿ ಉಗಿ ಹಾಯ್ದುಹೋಯಿತು.

ಉಗಿ ಮೆಲ್ಲಗೆ ತೆಳುವಾಯಿತು.

ಮೊದಲು ಕಂಡದ್ದು ಮಾಸಿದ ನೀಲಿ ಅಂಗಿ. ಆಮೇಲೆ ಮಸಿ ಹಿಡಿದ ಗದ್ದ. ಆಮೇಲೆ ಬಲಗೆನ್ನೆಯ ಮೇಲೆ ಕಿವಿಯಿಂದ ತುಟಿಯ ಅಂಚಿನವರೆಗೆ ಇಳಿದಿದ್ದ ಸುಟ್ಟ ಗುರುತು...

ಅವಳು ಕ್ಯಾಮೆರಾವನ್ನು ಎದೆಗವಚಿಕೊಂಡಳು.

ಅವನು!

ಅವನಿಗೂ ಅವಳ ಗುರುತು ಹತ್ತಿತು. ತೋಳು ಹಿಡಿದಿದ್ದ ಕೈ ಕಾದ ಕಬ್ಬಿಣ ಮುಟ್ಟಿದಂತೆ ಹಿಂದಕ್ಕೆ ಸರಿಯಿತು.

"ನೀವಾ...?"

"ನಾ... ನಾನು..."

ಅಷ್ಟೇ. ಅದರ ಮುಂದೆ ಅವಳ ನಾಲಿಗೆ ಹೊರಳಲಿಲ್ಲ. ಅವನೂ ಕಾಯಲಿಲ್ಲ.

"ಉಗಿ ಬಿಡೋ ಕಡೆ ನಿಲ್ಬೇಡಿ. ಸುಟ್ಟ ಗುರುತು ಜನ್ಮಕ್ಕೂ ಹೋಗಲ್ಲ," ಎಂದವನೇ ಬೆನ್ನು ತಿರುಗಿಸಿ ಎಂಜಿನ್ ಹತ್ತಿಬಿಟ್ಟ.

ಒರಟಾಗಿ ಹೇಳಿದನೋ, ನೊಂದು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ತೋಳಿನ ಮೇಲೆ ಅವನ ಬೆರಳುಗಳ ಮಸಿ ಮಾತ್ರ ಉಳಿದಿತ್ತು. ಒರೆಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

*

ಊರಿನ ಸ್ಟೇಷನ್ ರಸ್ತೆಯಲ್ಲಿರುವ ಫೋಟೋ ಸ್ಟುಡಿಯೋ ಅವಳ ಸೋದರಮಾವನದು. ಅಪ್ಪ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಅಲ್ಲಿಗೆ ಸೇರಿದವಳು ಮೊದಮೊದಲು ನೆಲ ಗುಡಿಸುತ್ತಿದ್ದಳು. ಈಗ ಫೋಟೋ ತೆಗೆಯುವುದೂ ಅವಳೇ, ಕಂಪ್ಯೂಟರ್ ಮುಂದೆ ಕೂತು ಟಚಪ್ ಮಾಡುವುದೂ ಅವಳೇ. ಮೊಡವೆ, ಕಲೆ, ಕಣ್ಣಿನ ಕೆಳಗಿನ ಕಪ್ಪು, ಯಾವುದನ್ನಾದರೂ ಅಳಿಸಿಕೊಡುತ್ತಾಳೆ. ಜನ ತಮ್ಮ ಮುಖ ತಾವೇ ನೋಡಿ ಹಿಗ್ಗುತ್ತಾರೆ.

ಮಾತು ಮಾತ್ರ ಇಲ್ಲ. "ಗಲ್ಲ ಸ್ವಲ್ಪ ಮೇಲೆ", "ಕಣ್ಣು ಮಿಟುಕಿಸ್ಬೇಡಿ", ಇಷ್ಟರಲ್ಲೇ ಅವಳ ದಿನ ಮುಗಿಯುತ್ತದೆ. ಅದಕ್ಕೇ ಮಾವ ಅವಳಿಗೆ 'ಮಾತಿನಮಲ್ಲಿ' ಎಂದು ಹೆಸರಿಟ್ಟಿದ್ದ.

"ನಮ್ಮ ಮಾತಿನಮಲ್ಲಿ ಬಾಯಿ ಮುಚ್ಚಿಸೋಕೆ ಬೀಗ ತರ್ಬೇಕು ನೋಡ್ರಪ್ಪ," ಎಂದು ಗಿರಾಕಿಗಳ ಮುಂದೆ ಹೇಳಿ ನಗುತ್ತಿದ್ದ. ಅವಳು ಇನ್ನಷ್ಟು ತಲೆ ತಗ್ಗಿಸುತ್ತಿದ್ದಳು.

ಅಂಥ ಸ್ಟುಡಿಯೋಗೆ ಒಂದು ದಿನ ಅವನು ಬಂದಿದ್ದ. ಊರಂಚಿನ ಶೆಡ್ಡಿನಿಂದ ಹೊರಡುವ ಕಿರುಹಳಿಯ ಉಗಿಬಂಡಿಯಲ್ಲಿ ಫೈರ್‌ಮನ್. ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬಿ ಬೆಂಕಿ ಕಾಯುವ ಕೆಲಸ. ಜೊತೆಯವರು ಅವನನ್ನು 'ಕೆಂಡ' ಎಂದೇ ಕರೆಯುತ್ತಿದ್ದರು.

ಮೊದಲ ಸಲ ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಂಡ. ಮುಂದಿನ ವಾರ, "ಕಳೆದುಹೋಯ್ತು," ಎಂದು ಬಂದ. ಆಮೇಲೆ, "ಸಣ್ಣದಾಯ್ತು." ಇನ್ನೊಂದು ವಾರ, "ಒದ್ದೆಯಾಯ್ತು."

"ಇವನೇನು ಫೋಟೋ ತಿಂತಾನಾ?" ಎಂದು ಮಾವ ಗೊಣಗಿದ್ದ.

ಅವಳು ಮಾತ್ರ ಕ್ಯಾಮೆರಾದ ಹಿಂದೆ ನಿಂತು ಅವನನ್ನು ನೋಡುತ್ತಿದ್ದಳು. ಆ ಕೆನ್ನೆ, ನಗುವಾಗ ಒಂದು ಬದಿಗೆ ಮಾತ್ರ ಏಳುವ ತುಟಿ... ಕ್ಯಾಮೆರಾ ಕಣ್ಣಿಗೆ ಅಡ್ಡ ಇದ್ದರೆ ಎಷ್ಟು ಹೊತ್ತು ನೋಡಿದರೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ!

ಹಾಗಿರುವಾಗ ಒಂದು ದಿನ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ತಲೆ ಒಪ್ಪವಾಗಿ ಬಾಚಿಕೊಂಡು ಬಂದ.

"ದೊಡ್ಡ ಫೋಟೋ ಬೇಕು. ಚೆನ್ನಾಗಿರೋದು."

"ಯಾತಕ್ಕೆ?" ಎಂದು ಕೇಳಿದ್ದು ಮಾವ.

"ಹುಡುಗಿ ಮನೆಗೆ ಕೊಡೋಕೆ," ಎಂದು ಅವನು ನೆಲ ನೋಡಿದ.

ಅವಳ ಎದೆಯಲ್ಲಿ ಏನೋ ಧೊಪ್ಪನೆ ಬಿತ್ತು. ಆದರೂ ಫೋಟೋ ತೆಗೆದಳು. ಮಧ್ಯಾಹ್ನ ಊಟಕ್ಕೂ ಏಳದೆ ಅದೊಂದನ್ನೇ ಹಿಡಿದು ಕೂತಳು. ಮಾರನೇ ದಿನ ಅವನ ಕೈಗಿಟ್ಟಾಗ ಆ ಫೋಟೋದಲ್ಲಿ ಸುಟ್ಟ ಗುರುತು ಇರಲೇ ಇಲ್ಲ. ಕೆನ್ನೆ ಹಾಲಿನಂತೆ ನುಣುಪಾಗಿತ್ತು.

ಅವನು ಬಹಳ ಹೊತ್ತು ನೋಡಿದ.

"ಇದು ನಾನಲ್ಲ," ಎಂದ. ಫೋಟೋವನ್ನು ಟೇಬಲ್ ಮೇಲೆ ಮೆಲ್ಲಗೆ ಇಟ್ಟು ಹೊರಟುಹೋದ.

ಆಮೇಲೆ ಬರಲೇ ಇಲ್ಲ. ತನ್ನ ಕೆಲಸ ಅವನಿಗೆ ಹಿಡಿಸಲಿಲ್ಲವೇನೋ, ಬೇರೆ ಕಡೆ ತೆಗೆಸಿಕೊಂಡನೇನೋ, ಇಷ್ಟು ಹೊತ್ತಿಗೆ ಮದುವೆಯೂ ಆಗಿರಬೇಕು ಎಂದುಕೊಂಡು ಅವಳು ಸುಮ್ಮನಾಗಿದ್ದಳು. ಸುಮ್ಮನಾಗುವುದೇನು ಅವಳಿಗೆ ಹೊಸದೇ?

ಈಗ ಯಾವುದೋ ಮುದ್ರಣಾಲಯದವರು ಕ್ಯಾಲೆಂಡರಿಗೆ ಉಗಿಬಂಡಿಯ ಚಿತ್ರ ಬೇಕೆಂದರು. ಮಾವನ ಸೊಂಟ ಹಿಡಿದುಕೊಂಡಿತ್ತು. "ನೀನೇ ಹೋಗಮ್ಮ. ಎಂಜಿನ್ ಹತ್ರ ಮಾತಾಡೋದೇನಿಲ್ಲ, ಫೋಟೋ ತೆಗೆದ್ರೆ ಸಾಕು," ಎಂದು ಕಳಿಸಿದ್ದ. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತ ಹವ್ಯಾಸಿಗಳ ವ್ಯಾನಿನಲ್ಲಿ, ಕೊನೆಯ ಸೀಟಿನಲ್ಲಿ ಕೂತು ಅವಳು ಈ ನಿಲ್ದಾಣಕ್ಕೆ ಬಂದಿದ್ದಳು.

ನಿಲ್ದಾಣ ಎಂದರೆ ಒಂದು ತಗಡಿನ ಚಾವಣಿ, ಒಂದು ಬೆಂಚು, ಕಾಲು ಸೊಟ್ಟಗಾದ ನೀರಿನ ಟ್ಯಾಂಕು, ಒಬ್ಬ ಟೀ ಅಜ್ಜಿ. ಸುತ್ತ ಕಣ್ಣು ಹಾಯುವಷ್ಟು ದೂರ ಒಣ ಹುಲ್ಲು. ಅದರ ನಡುವೆ ಆಟಿಕೆಯಂಥ ಪುಟ್ಟ ಎಂಜಿನ್ ಉಸ್ಸಪ್ಪಾ ಎಂದು ಉಸಿರು ಬಿಡುತ್ತ ನಿಂತಿತ್ತು.

*

"ತಗೋ ತಾಯಿ, ಟೀ ಕುಡಿ. ದೆವ್ವ ನೋಡಿದವಳ ಹಾಗಿದ್ದೀಯ," ಎಂದಳು ಟೀ ಅಜ್ಜಿ. "ಕೆಂಡ ಬೈದ್ನಾ? ಬೇಜಾರು ಮಾಡ್ಕೋಬೇಡ. ಮೊದಲೆಲ್ಲ ಹಾಗಿರ್ಲಿಲ್ಲ. ಇವತ್ತು ಕೊನೇ ದಿನ ಅಲ್ವಾ, ಅದಕ್ಕೇ ಮುಖ ಗಂಟು."

"ಕೊನೇ ದಿನ...?"

"ಹೂಂ. ದೂರದ ಬೆಟ್ಟದ ಲೈನಿಗೆ ವರ್ಗ ಆಗಿದೆ. ಸಂಜೆ ಈ ಬಂಡಿ ಆ ಕೊನೆ ಸೇರ್ತಿದ್ದ ಹಾಗೇ ಗಂಟುಮೂಟೆ ಕಟ್ಕೊಂಡು ಅಲ್ಲಿಂದಲೇ ಹೊರಟ. ಇನ್ನು ಈ ಕಡೆ ತಲೆ ಹಾಕೋದುಂಟಾ?"

ಟೀ ಲೋಟ ಅವಳ ಕೈಯಲ್ಲಿ ವಾಲಿತು.

ಸಂಜೆ... ಸಂಜೆಯ ತನಕ ಮಾತ್ರ. ಆಮೇಲೆ ಅವನು ಸಿಗುವುದಿಲ್ಲ.

ಅವನು ಬೇರೆಯವರ ಗಂಡನೇ ಆಗಿರಲಿ, 'ಅವತ್ತು ನನ್ನಿಂದ ಏನು ತಪ್ಪಾಯ್ತು?' ಎಂದು ಒಂದೇ ಒಂದು ಮಾತು ಕೇಳಬೇಕು. ಅಷ್ಟು ಕೇಳದಿದ್ದರೆ ಜೀವಮಾನವಿಡೀ ಅದು ಮುಳ್ಳಿನಂತೆ ಚುಚ್ಚುತ್ತಿರುತ್ತದೆ.

ಕೇಳ್ತೀನಿ. ಇವತ್ತು ಕೇಳೇ ಕೇಳ್ತೀನಿ!

ಹಾಗೆಂದುಕೊಂಡು ಎಂಜಿನ್ ಕಡೆ ನಡೆದಳು. ಹತ್ತಿರ ಹೋಗುತ್ತಿದ್ದಂತೆ ಧೈರ್ಯ ಅರ್ಧಕ್ಕರ್ಧ ಕರಗಿತು. ಅವನು ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಬಿಡುತ್ತಿದ್ದ. ಹೇಗೆ ಮಾತು ಶುರುಮಾಡುವುದೆಂದು ತಿಳಿಯದೆ ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದಳು.

ಅವನು ತಲೆ ಎತ್ತಿದ. ಕೈ ಅಡ್ಡ ಹಿಡಿದ.

"ನನ್ನ ಬಿಟ್ಟು ತೆಗೀರಿ. ಎಂಜಿನ್ ಚೆನ್ನಾಗಿದೆ."

"ಯಾ... ಯಾಕೆ?"

"ಸುಮ್ನೆ ಕೆಲಸ ಹೆಚ್ಚು. ತೆಗೆದ ಮೇಲೆ ಕೂತು ಅಳಿಸ್ಬೇಕಲ್ಲ ನೀವು."

ಮಾತು ಮೆತ್ತಗೇ ಇತ್ತು. ಆದರೆ ಅದು ತಾಗಿದ ರಭಸಕ್ಕೆ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಓ... ಅದಕ್ಕಾ? ಅದಕ್ಕೇ ಎದ್ದು ಹೋಗಿದ್ದಾ?

'ಇಲ್ಲ, ನೀವು ಅಂದುಕೊಂಡ ಹಾಗಲ್ಲ' ಎನ್ನಬೇಕು. ತುಟಿ ತೆರೆದಳು. ಅಷ್ಟರಲ್ಲಿ ಹಿಂದಿನಿಂದ ಹವ್ಯಾಸಿಗಳ ಗುಂಪಿನ ಮುಂದಾಳು, ಟೋಪಿ ಹಾಕಿದ್ದ ಅಣ್ಣ ಅರಚಿದ: "ಯಮ್ಮಾ! ನಮ್ಮ ಫೋಟೋಗೆ ಅಡ್ಡ ನಿಂತಿದ್ದೀಯಲ್ಲ! ಸ್ವಲ್ಪ ಈಚೆ ಬಾರಮ್ಮ, ನಿನ್ನ ಜಡೆ ತೆಗೆಯೋಕೆ ಬಂದಿದ್ದೀವಾ ನಾವು?"

ಎಲ್ಲರೂ ನಕ್ಕರು. ಅವಳ ಮುಖ ಕೆಂಪಾಯಿತು. ತಿರುಗಿ ನೋಡುವಷ್ಟರಲ್ಲಿ ಅವನು ಎಂಜಿನ್ನಿನ ಆಚೆ ಬದಿಗೆ ಹೋಗಿಯಾಗಿತ್ತು.

*

ಟ್ಯಾಂಕಿನ ನೆರಳಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದವಳ ಪಕ್ಕ ಬಂದು ಕೂತದ್ದು ಬಂಡಿಯ ಡ್ರೈವರ್. ವಯಸ್ಸಾದ ಮನುಷ್ಯ, ಹುಬ್ಬು ಕೂಡ ಬೆಳ್ಳಗಾಗಿತ್ತು.

"ಹೊಗೆ ಕಣ್ಣಿಗೆ ಹೋಯ್ತಾ ಮಗಳೇ?"

"ಹೂಂ ತಾತ."

"ಹೊಗೆ ಆ ಕಡೆ ಹೋಗ್ತಿದೆ, ನೀನು ಈ ಕಡೆ ಕೂತಿದ್ದೀಯ," ಎಂದು ಮುದುಕ ನಕ್ಕ. ಆಮೇಲೆ ಅವಳ ಕ್ಯಾಮೆರಾ ಚೀಲದ ಮೇಲೆ ಬರೆದಿದ್ದ ಸ್ಟುಡಿಯೋ ಹೆಸರು ನೋಡಿದ. ನಗು ನಿಂತಿತು. "ಅರೆ... ಸ್ಟೇಷನ್ ರಸ್ತೆಯ ಸ್ಟುಡಿಯೋ ಹುಡುಗಿ ನೀನೇನಾ?"

ಅವಳು ತಲೆಯಾಡಿಸಿದಳು.

 ಮುದುಕ ಬೀಡಿ ತೆಗೆದ, ಹಚ್ಚದೆ ಕಿವಿಯ ಸಂದಿಗೆ ಸಿಕ್ಕಿಸಿಕೊಂಡ.

"ಅವನ ಕೆನ್ನೆ ಹೇಗೆ ಸುಡ್ತು ಅಂತ ಗೊತ್ತಾ ನಿನಗೆ?"

"ಇಲ್ಲ..."

"ಸುರಂಗದೊಳಗೆ ಒಂದ್ಸಲ ಗಾಳಿ ಹಿಂದಕ್ಕೆ ಹೊಡೀತು. ಒಲೆ ಬಾಯಿಂದ ಬೆಂಕಿ ಈಚೆ ನುಗ್ತು. ನಾನು ಎದುರಿಗೇ ಬಗ್ಗಿದ್ದೆ. ಈ ಹುಡುಗ ನನ್ನ ಆಚೆ ತಳ್ಳಿ ಬಾಗಿಲು ಒದ್ದು ಮುಚ್ಚಿದ. ಆ ಬೆಂಕಿ ಬರಬೇಕಿದ್ದದ್ದು ಈ ಮುದಿ ಮುಖಕ್ಕೆ ಕಣಮ್ಮ. ಅವನ ಕೆನ್ನೆ ನೋಡಿದಾಗೆಲ್ಲ, ನಾನು ಇನ್ನೂ ಬದುಕಿದ್ದೀನಿ ಅಂತ ನೆನಪಾಗುತ್ತೆ."

ಅವಳು ಎಂಜಿನ್ ಕಡೆ ನೋಡಿದಳು. ಅದನ್ನು... ಅದನ್ನು ನಾನು ಕಸ ಗುಡಿಸಿದ ಹಾಗೆ ಅಳಿಸಿಬಿಟ್ಟೆನಲ್ಲ!

"ಅವರ... ಅವರ ಹೆಂಡತಿ ಆ ಗುರುತು ನೋಡಿ ಏನೂ ಅನ್ಲಿಲ್ವಾ ತಾತ?"

"ಯಾವ ಹೆಂಡತಿ?"

"ಹುಡುಗಿ ಮನೆಗೆ ಕೊಡೋಕೆ ಅಂತ ಫೋಟೋ ತೆಗೆಸ್ಕೊಂಡ್ರಲ್ಲ..."

ಮುದುಕ ತೊಡೆ ತಟ್ಟಿಕೊಂಡ. "ಅಯ್ಯೋ ನನ್ನ ಕರ್ಮವೇ! ಆ ಹುಡುಗಿ ಮನೆ ನಿಮ್ಮ ಮನೇನೇ ಕಣೇ! ನಿಮ್ಮ ಮಾವನ ಕೈಗೆ ಕೊಟ್ಟು ಹೆಣ್ಣು ಕೇಳೋಣ ಅಂತ, ಆ ಹೆಣ್ಣಿನ ಕೈಯಲ್ಲೇ ಫೋಟೋ ತೆಗೆಸ್ಕೊಂಡ ನೋಡು, ಅಂಥ ಜಾಣ ಅವನು! ನೀನು ಕೆನ್ನೆ ಒರೆಸಿ ಕೊಟ್ಟೆ. 'ಅವಳಿಗೇ ಈ ಗುರುತು ಬೇಡವಾದ್ರೆ ಇನ್ನು ಕೇಳೋದೇನು ತಾತ?' ಅಂತ ಬಂದು ಕೂತ. ವರ್ಗ ಬೇಕು ಅಂತ ತಾನೇ ಹೋಗಿ ಕೇಳ್ಕೊಂಡ."

ಅವಳಿಗೆ ನೆಲ ಎಲ್ಲಿದೆ, ಆಕಾಶ ಎಲ್ಲಿದೆ ತಿಳಿಯದಾಯಿತು. ಎದೆಯೊಳಗೆ ಒಟ್ಟಿಗೇ ಅಳುವೂ ನಗುವೂ ನುಗ್ಗಿ ಬಂದವು.

ನನ್ನನ್ನಾ? ನನ್ನನ್ನೇ ಕೇಳೋಕೆ ಬಂದಿದ್ದಾ?

"ತಾತ... ನೀವು... ನೀವೇ ಹೇಳ್ತೀರಾ ಅವರಿಗೆ? ನಾನು ಹಾಗೆ ಅಂದುಕೊಂಡಿರ್ಲಿಲ್ಲ ಅಂತ..."

"ಊಹೂಂ." ಮುದುಕ ಎದ್ದು ಪ್ಯಾಂಟಿನ ಧೂಳು ಕೊಡವಿದ. "ಎಂಜಿನ್ ತಾನೇ ಕೂಗಬೇಕು ಮಗಳೇ. ಪಕ್ಕದಲ್ಲಿ ನಿಂತವರು ಕೂಗಿದ್ರೆ ಬಂಡಿ ಹೊರಡುತ್ತಾ?"

*

ಕೂಗಬೇಕು. ಸರಿ. ಆದರೆ ಹೇಗೆ?

ಮಧ್ಯಾಹ್ನವೆಲ್ಲ ಅವಳು ಎಂಜಿನ್ ಸುತ್ತ ಸುತ್ತಿದಳು. ಅವನು ಬೂದಿ ತೆಗೆಯುವಾಗ ಹೋದರೆ ಧೂಳೆದ್ದಿತು. ಟ್ಯಾಂಕಿನ ಕೊಳವೆ ಎಳೆದು ನೀರು ತುಂಬುವಾಗ ಹೋದರೆ ಪಕ್ಕದಲ್ಲೇ ನಾಲ್ಕು ಜನ ಕ್ಯಾಮೆರಾ ಹಿಡಿದು ನಿಂತಿದ್ದರು. ಒಮ್ಮೆ ಅವನೇ ಇಳಿದು ಎದುರಿಗೆ ಬಂದ. ಅವಳು ಬಾಯಿ ತೆರೆದು, "ನೀರು... ಬೇಕಾ?" ಎಂದುಬಿಟ್ಟಳು!

"ಈಗ ತಾನೇ ಇಡೀ ಟ್ಯಾಂಕು ತುಂಬ್ಸಿದೆ," ಎಂದು ಅವನು ಪಕ್ಕದಿಂದ ಸರಿದು ಹೋದ.

ಥೂ! ಅವಳು ತನ್ನ ಹಣೆ ತಾನೇ ಚಚ್ಚಿಕೊಂಡಳು.

ಬಿಸಿಲು ಓರೆಯಾಯಿತು. ಹುಲ್ಲೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿತು. ಹವ್ಯಾಸಿಗಳು ಓಡಿ ಓಡಿ ಹಳಿಯ ತಿರುವಿನ ಬಳಿ ಸಾಲಾಗಿ ನಿಂತರು. ಅವಳು ಕೊನೆಯ ಸಲ ಧೈರ್ಯ ತಂದುಕೊಂಡು ಬೆಂಚಿನಿಂದ ಏಳುತ್ತಿದ್ದಂತೆ...

ಕೂಽಽಽ!

ಎಂಜಿನ್ ಕೂಗಿತು. ಚಕ್ರ ಅಲುಗಿತು.

ಹೊರಟೇಬಿಟ್ಟಿತಾ?

ಅವಳು ಓಡಿದಳು. ಚಪ್ಪಲಿ ಒಂದು ಕಡೆ ಬಿತ್ತು, ಚೀಲ ಇನ್ನೊಂದು ಕಡೆ. ಎಂಜಿನ್ನಿನ ಬಾಗಿಲಲ್ಲಿ ಸಲಿಕೆ ಹಿಡಿದು ನಿಂತಿದ್ದ ಅವನು ತಿರುಗಿ ನೋಡಿದ.

"ನಿಲ್ಲಿ! ನಂಗೆ ಬೇಡ ಅಂತ ಅಳಿಸಿದ್ದಲ್ಲ! ನಂಗೆ ಗೊತ್ತಿರ್ಲಿಲ್ಲ! ನಂಗೆ ನಿಮ್ಮ ಮುಖ ಹೇಗಿದೆಯೋ ಹಾಗೇ ಇಷ್ಟ! ನಂಗೆ ನೀವು ಇಷ್ಟ! ಕೇಳಿಸ್ತಾ? ನೀವಂದ್ರೆ ಇಷ್ಟ!"

ಜನ್ಮದಲ್ಲಿ ಅವಳು ಅಷ್ಟು ಜೋರಾಗಿ ಕೂಗಿರಲಿಲ್ಲ. ಎಂಜಿನ್ ಅವಳಿಗಿಂತ ಜೋರಾಗಿ ಕೂಗಿತು. ಕರಿ ಹೊಗೆ ಉಗುಳುತ್ತ, ಪುಟ್ಟ ಬೋಗಿಗಳನ್ನು ಎಳೆದುಕೊಂಡು, ತಿರುವಿನಾಚೆ ಮರೆಯಾಯಿತು.

ಅವಳು ಅಲ್ಲೇ ಕುಸಿದು ಕೂತಳು.

ಮುಗಿಯಿತು. ದಿನವಿಡೀ ಬಾರದ ಮಾತು ಬಂಡಿ ಹೊರಟ ಮೇಲೆ ಬಂತಲ್ಲ...

ಟೀ ಅಜ್ಜಿ ಬಿದ್ದ ಚಪ್ಪಲಿ ಎತ್ತಿಕೊಂಡು ಬಂದಳು. "ಯಾಕಮ್ಮ ಹೀಗೆ ಅಳ್ತಿದ್ದೀಯ?"

"ಹೋಗ್ಬಿಟ್ರು ಅಜ್ಜಿ... ಹೋಗೇಬಿಟ್ರು..."

"ಎಲ್ಲಿಗೆ?"

"ಬೆಟ್ಟದ ಲೈನಿಗೆ..."

"ಅಯ್ಯೋ ಪೆದ್ದಿ!" ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಇನ್ನೂ ಹೋಗಿಲ್ಲ ಕಣೇ! ಈ ಫೋಟೋದವರಿಗೆ ಬಂಡಿ ಒಂದು ಸಲ ಹೋದ್ರೆ ಸಾಕಾಗುತ್ತಾ? ಹೊಗೆ ಬಿಡ್ತಾ ತಿರುವಿನ ತನಕ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮತ್ತೆ ಹೋಗಿ ತೋರಿಸ್ಬೇಕು. ಇವರಿಗೆ ತೃಪ್ತಿ ಆಗೋ ತನಕ ಇದೇ ಕುಣಿತ. ನಿಮ್ಮ ಟೋಪಿಯವನು ವ್ಯಾನಲ್ಲಿ ಹೇಳ್ಲಿಲ್ವಾ?"

ಹೇಳಿದ್ದನೇನೋ. ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವಳಿಗೆ ಕೇಳಿಸಬೇಕಲ್ಲ!

ಛುಕ್... ಛುಕ್... ಛುಕ್...

ತಿರುವಿನಾಚೆಯಿಂದ ಮೊದಲು ಕಾಣಿಸಿದ್ದು ಕೊನೆಯ ಬೋಗಿ. ಬಂಡಿ ಹಿಂದುಹಿಂದಕ್ಕೆ ಬರುತ್ತಿತ್ತು!

ಅವಳ ಎದೆ ಒಮ್ಮೆ ಹಿಗ್ಗಿತು, ಮರುಗಳಿಗೆ ಝಲ್ಲೆಂದಿತು. ಅಯ್ಯಯ್ಯೋ... ಅಷ್ಟೆಲ್ಲ ಕೂಗಿದೆನಲ್ಲ! ಟ್ಯಾಂಕಿನ ಹಿಂದೆ ಬಚ್ಚಿಟ್ಟುಕೊಳ್ಳಲೇ? ವ್ಯಾನಿಗೆ ಓಡಲೇ?

ಯೋಚಿಸುವಷ್ಟರಲ್ಲಿ ಎಂಜಿನ್ ಅವಳೆದುರಿಗೇ ನಿಂತಿತು. ಅವನು ಕೆಳಕ್ಕೆ ಧುಮುಕಿದ.

"ಏನೋ ಕೂಗಿದ್ರಲ್ಲ. ಸದ್ದಲ್ಲಿ ಏನೂ ಕೇಳಿಸ್ಲಿಲ್ಲ. ಏನಾಯ್ತು? ಬಿದ್ರಾ? ಪೆಟ್ಟಾಯ್ತಾ?"

ಏನೂ ಕೇಳಿಸಿರಲಿಲ್ಲ!

ಇನ್ನೊಂದು ಸಲ ಹೇಳಬೇಕು. ಈ ಸಲ ಅವಳ ದನಿ ಮುಚ್ಚಲು ಎಂಜಿನ್ನಿನ ಸದ್ದಿಲ್ಲ. ಸುತ್ತ ಅಷ್ಟು ಜನ. ಟೋಪಿ ಅಣ್ಣ ದೂರದಿಂದ ಕೈ ಬೀಸುತ್ತಿದ್ದ: "ಏನಯ್ಯಾ ಅಲ್ಲಿ ಹರಟೆ? ಬೆಳಕು ಹೋಗ್ತಿದೆ!"

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಬೆಳಕು ನಾಳೆನೂ ಬರುತ್ತೆ, ಸುಮ್ನಿರಪ್ಪಾ!"

ಅವಳು ಅವನ ಕೆನ್ನೆ ನೋಡಿದಳು. ಕ್ಯಾಮೆರಾ ಅಡ್ಡ ಇರಲಿಲ್ಲ. ಬರಿಗಣ್ಣಿಂದ, ನೇರವಾಗಿ ನೋಡಿದಳು.

"ಅವತ್ತು... ಹುಡುಗಿ ಮನೆಗೆ ಅಂದ್ರಲ್ಲ. ಬೇರೆ ಯಾರೋ ಹುಡುಗಿ ಅಂದ್ಕೊಂಡೆ. ನಿಮ್ಮ ಒಳ್ಳೇತನ ಅವರಿಗೆ ಹೇಗೆ ಗೊತ್ತಾಗುತ್ತೆ? ಫೋಟೋ ನೋಡಿ, ಈ ಗುರುತು ನೋಡಿ, ಅವರು ನಿಮ್ಮನ್ನ ಬೇಡ ಅಂದ್ಬಿಟ್ರೆ..." ಅವಳ ದನಿ ಒಡೆಯಿತು. "ಯಾರೂ ನಿಮ್ಮನ್ನ ಬೇಡ ಅನ್ನಬಾರದು ಅಂತ ಅಳಿಸ್ದೆ. ಅಳ್ತಾ ಅಳಿಸ್ದೆ. ನಂಗಾಗಿದ್ರೆ... ನಂಗೆ ಕೊಡೋ ಫೋಟೋ ಅಂತ ಗೊತ್ತಿದ್ರೆ, ಒಂದು ಚುಕ್ಕೆನೂ ಮುಟ್ತಿರ್ಲಿಲ್ಲ."

 ಅವನ ಮಸಿ ಹಿಡಿದ ಮುಖದ ಮೇಲೆ ಕಣ್ಣೀರಿನ ಒಂದು ಗೆರೆ ಇಳಿಯಿತು.

"ನಾನು ಇನ್ನೊಬ್ಬಳಿಗೆ ಸಿಗ್ಲಿ ಅಂತ... ಊಟ ಬಿಟ್ಟು ಕೂತ್ರಾ?"

"ಊಟ ಬಿಟ್ಟಿದ್ದು ನಿಮಗ್ಯಾರು ಹೇಳಿದ್ರು?"

"ಅವತ್ತು ಎದುರುಗಡೆ ಅಂಗಡಿಯಲ್ಲಿ ನಿಂತು ನೋಡ್ತಿದ್ದೆ. ಒಳಗೆ ಬರೋಕೆ ಒಂದು ನೆಪ ಹುಡುಕ್ತಾ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅವನೂ ನಕ್ಕ. ತುಟಿ ಒಂದೇ ಬದಿಗೆ ಎದ್ದಿತು.

"ನಾನೂ ದಡ್ಡ. 'ಯಾಕೆ ಅಳಿಸಿದ್ರಿ' ಅಂತ ಒಂದು ಮಾತು ಕೇಳ್ಬಹುದಿತ್ತು. ಕೇಳ್ದೇನೇ ಬೆಟ್ಟ ಹತ್ತೋಕೆ ಹೊರಟೆ."

"ಹೋಗ್ಲೇಬೇಕಾ...?"

"ಹೋಗ್ಬೇಕು. ನಾನೇ ಕೇಳಿ ತಗೊಂಡಿದ್ದಲ್ವಾ." ಅವಳ ಮುಖ ಬಾಡಿದ್ದು ಕಂಡು ಬೇಗ ಬೇಗ ಸೇರಿಸಿದ: "ಆದ್ರೆ ಒಂದು ದಿನ ತಡವಾಗಿ ಹೋದ್ರೆ ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ಇವತ್ತು ಬಂಡಿ ಮುಟ್ಟಿಸಿ, ಸಿಕ್ಕ ಬಸ್ಸು ಹತ್ತಿ ನಿಮ್ಮೂರಿಗೆ ಬರ್ತೀನಿ. ನಿಮ್ಮ ಮಾವನ್ನ ಕೇಳ್ತೀನಿ. ಹೂಂ ಅಂದ್ರೆ, ಅಲ್ಲಿ ಮನೆ ನೋಡಿ ಬಂದು ಕರ್ಕೊಂಡು ಹೋಗ್ತೀನಿ."

"ಮಾವ ಹೂಂ ಅಂತಾರೆ. ಫೋಟೋ ತಿನ್ನೋ ಗಿರಾಕಿ ಎಲ್ಲಿ ಹೋದ ಅಂತ ಆಗಾಗ ಕೇಳ್ತಾನೇ ಇರ್ತಾರೆ."

"ಮತ್ತೆ ನೀವು? ಹೂಂ ಅಂತೀರಾ?"

"ಅಷ್ಟು ಜೋರಾಗಿ ಕೂಗಿದೆನಲ್ಲ!"

"ಕೇಳಿಸ್ಲಿಲ್ಲ ಅಂದೆನಲ್ಲ. ಅದರಲ್ಲಿ ಏನಿತ್ತು?"

ಅವಳು ತಲೆ ತಗ್ಗಿಸಿದಳು. ಆಮೇಲೆ ಎತ್ತಿದಳು.

"ನೀವಂದ್ರೆ ನಂಗೆ ಇಷ್ಟ ಅಂತ ಇತ್ತು."

ಎಂಜಿನ್ನಿನ ಮೇಲಿಂದ ಮುದುಕ ಗಂಟಲು ಸರಿಮಾಡಿಕೊಂಡ. "ಕೆಂಡಪ್ಪನೋರೇ, ಒಲೆ ಆರ್ತಾ ಇದೆ. ಮೇಲೆ ಬರ್ತೀರೋ, ಇಲ್ಲಾ ಈ ಅಜ್ಜಿನ ಕೂರಿಸ್ಕೊಂಡು ಹೋಗ್ಲೋ?"

"ನಾನು ರೆಡಿ ಕಣಪ್ಪ!" ಎಂದಳು ಟೀ ಅಜ್ಜಿ.

ಅವನು ಮೆಟ್ಟಿಲಿಗೆ ಕಾಲಿಟ್ಟವನು ಮತ್ತೆ ತಿರುಗಿದ.

"ಇವತ್ತು ಇಷ್ಟೊಂದು ಮಾತಾಡಿದ್ರಿ. ನಾಳೆ ನಾನು ಬಂದಾಗ ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿರಲ್ಲ ತಾನೇ?"

"ಇಲ್ಲ. ನಾಳೆನೂ ಮಾತಾಡ್ತೀನಿ," ಎಂದಳು ಅವಳು. "ಕೇಳಿಸ್ಕೊಳ್ಳೋಕೆ ನೀವಿರ್ಬೇಕು, ಅಷ್ಟೇ."

"ಇರ್ತೀನಿ."